ಒಂದು ಹಾಡಿನ ಹಲವು ಜನ್ಮಗಳು: ‘ಹಂಟಿಂಗ್ ಹೈ ಅಂಡ್ ಲೋ’ ಸೂಪರ್ ಡಿಲಕ್ಸ್ ಸಂಪುಟದಲ್ಲಿ ‘ಟೇಕ್ ಆನ್ ಮೀ’

1985ರ ಅಕ್ಟೋಬರ್ 19ರ ಅಮೆರಿಕದ ಜನಪ್ರಿಯ ಗೀತೆಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನಾರ್ವೆಯ ಮೂವರು ಯುವಕರ ‘ಟೇಕ್ ಆನ್ ಮೀ’ ಮೊದಲ ಸ್ಥಾನಕ್ಕೇರಿತು. ಅದುವರೆಗೆ ನಾರ್ವೆಯ ಯಾವ ಗಾಯಕರಿಗೂ ಯಾವ ವಾದ್ಯತಂಡಕ್ಕೂ ಅಮೆರಿಕದಲ್ಲಿ ಆ ಸ್ಥಾನ ದಕ್ಕಿರಲಿಲ್ಲ. ಈ ಗೆಲುವಿನ ಕಥೆಯನ್ನು ಬಹಳ ಮಂದಿ ಬಲ್ಲರು; ಆದರೆ ಅದಕ್ಕೆ ಮೊದಲು ಅದೇ ಹಾಡು ಬ್ರಿಟನ್ನಿನಲ್ಲಿ ಎರಡು ಬಾರಿ ಬಿಡುಗಡೆಯಾಗಿ ಎರಡು ಬಾರಿಯೂ ಸೋತಿತ್ತೆಂಬುದನ್ನು, ಅದಕ್ಕೂ ಹಿಂದೆ ಬೇರೆ ಹೆಸರು ಮತ್ತು ಬೇರೆ ಸಾಹಿತ್ಯ ಹೊತ್ತು ಹಲವು ವರ್ಷ ಅಲೆದಿತ್ತೆಂಬುದನ್ನು ಬಲ್ಲವರು ಕಡಿಮೆ. ಆ-ಹಾ ತಂಡದ ಚೊಚ್ಚಲ ಆಲ್ಬಮ್ ‘ಹಂಟಿಂಗ್ ಹೈ ಅಂಡ್ ಲೋ’ಗೆ ಮೂವತ್ತು ವರ್ಷ ತುಂಬಿದ 2015ರಲ್ಲಿ ಹೊರಬಂದ ಸೂಪರ್ ಡಿಲಕ್ಸ್ ಸಂಪುಟದ ನಿಜವಾದ ಬೆಲೆ ಇರುವುದು ಇಲ್ಲಿಯೇ. ನಾಲ್ಕು ಸಿ.ಡಿ.ಗಳು, ಒಂದು ಡಿ.ವಿ.ಡಿ. ಮತ್ತು ಒಂದು ಪುಸ್ತಕ ಇರುವ ಈ ಪೆಟ್ಟಿಗೆಯಲ್ಲಿ ಮೂಲ ಆಲ್ಬಮ್ಮಿನ ಜೊತೆಗೆ ಆರಂಭದ ದಿನಗಳ ಡೆಮೊಗಳು (ಕಚ್ಚಾ ಧ್ವನಿಮುದ್ರಣಗಳು), ಸಿಂಗಲ್ಲುಗಳ (ಒಂದೇ ಹಾಡಿಗಾಗಿ ಹೊರತಂದ ಚಿಕ್ಕ ರೆಕಾರ್ಡುಗಳ) ಹಿಂಬದಿಯ ಹಾಡುಗಳು, ದೀರ್ಘ ಮಿಶ್ರಣಗಳು ಮತ್ತು ಬದಲಿ ಆವೃತ್ತಿಗಳು ಸೇರಿವೆ. ಇಡೀ ಸಂಪುಟವನ್ನು ತೂಗಿ ನೋಡುವುದಕ್ಕೆ ಹೋಗದೆ, ಅದರೊಳಗಿರುವ ಒಂದೇ ಹಾಡಿನ ಜಾಡು ಹಿಡಿದು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಜನಪ್ರಿಯ ಗೀತೆಯೊಂದು ಹೇಗೆ ರೂಪುಗೊಳ್ಳುತ್ತದೆ ಎಂಬುದನ್ನು ಮಾತಿನ ಹಂಗಿಲ್ಲದೆ ಕಿವಿಯಿಂದಲೇ ತಿಳಿದುಕೊಳ್ಳುವ ಇಂಥ ಅವಕಾಶ ಅಪರೂಪದ್ದು.

ಹಾಡಿನ ಬೇರು ಇರುವುದು ಓಸ್ಲೊ ನಗರದ ಮಾಂಗ್ಲೆರುಡ್ ಬಡಾವಣೆಯಲ್ಲಿ. ಅಲ್ಲಿನ ಹುಡುಗರಾದ ಪೋಲ್ ವಾಕ್ತಾರ್ ಮತ್ತು ಮಾಗ್ನೆ ಫೂರುಹೋಲ್ಮನ್ ‘ಬ್ರಿಡ್ಜಸ್’ ಎಂಬ ತಂಡ ಕಟ್ಟಿಕೊಂಡು, 1980ರಲ್ಲಿ ‘ಫಾಕೆಲ್ಟೋಗ್’ ಎಂಬ ಆಲ್ಬಮ್ಮನ್ನೂ ಹೊರತಂದಿದ್ದರು. ಅಮೆರಿಕದ ‘ದಿ ಡೋರ್ಸ್’ ತಂಡವನ್ನು ಆರಾಧಿಸುತ್ತಿದ್ದ ಈ ಹುಡುಗರ ಸಂಗೀತ ಗಂಭೀರವಾಗಿತ್ತು, ಸ್ವಲ್ಪ ಮಬ್ಬಾಗಿಯೂ ಇತ್ತು. ಅಂಥವರ ನಡುವೆ ಮಾಗ್ನೆ ಇನ್ನೂ ಹದಿಹರೆಯದಲ್ಲಿದ್ದಾಗ ಕೀಬೋರ್ಡಿನ ಮೇಲೆ ಕಟ್ಟಿದ ಸ್ವರಗುಚ್ಛವೊಂದು, ಸಂಗೀತಗಾರರು ರಿಫ್ ಎಂದು ಕರೆಯುವಂಥದ್ದು, ತಂಡದವರಿಗೇ ತೀರಾ ಹಗುರವೆನಿಸಿತ್ತು. ‘ಮಿಸ್ ಈರಿ’ ಎಂಬ ಹಾಡಿನಲ್ಲಿ ಅದನ್ನು ಬಳಸಿದರಾದರೂ, ಇದು ನಮ್ಮ ಜಾತಿಯ ಸಂಗೀತವಲ್ಲ ಎಂಬ ಅನುಮಾನ ಅವರನ್ನು ಬಿಡಲಿಲ್ಲ. ಆ ಸ್ವರಗುಚ್ಛದ ಶಕ್ತಿಯನ್ನು ಮೊದಲು ಗುರುತಿಸಿದವರು ಗಾಯಕ ಮಾರ್ಟನ್ ಹಾರ್ಕೆಟ್. ಚೂಯಿಂಗ್ ಗಮ್ ಜಾಹೀರಾತಿನಲ್ಲಿ ಕೇಳಿಬರಬಹುದಾದಷ್ಟು ಸಲೀಸಾಗಿ ಕಿವಿಗೆ ಅಂಟಿಕೊಳ್ಳುವ ಆ ಗುಣ ಅವರಿಗೆ ದೋಷವಾಗಿ ಕಾಣಲಿಲ್ಲ. ಸುಲಭವಾಗಿ ನೆನಪಿನಲ್ಲಿ ಉಳಿಯುವುದನ್ನು ಕಲಾವಿದರು ಕೀಳೆಂದು ಬಗೆಯುವುದುಂಟು. ಇಲ್ಲಿ ಹೊರಗಿನಿಂದ ಬಂದ ಒಬ್ಬನ ಕಿವಿ ಆ ಸಂಕೋಚವನ್ನು ಕಳೆಯಿತು.

1982ರ ಸೆಪ್ಟೆಂಬರಿನಲ್ಲಿ ಮೂವರೂ ಒಂದುಗೂಡಿ ಆ-ಹಾ ಆದರು. ಆ ಶರತ್ಕಾಲದಲ್ಲಿ ನಾರ್ಸ್‌ನೆಸ್ ಎಂಬಲ್ಲಿದ್ದ ಪೋಲ್ ಅವರ ಮನೆಯವರ ಕಾಟೇಜಿನಲ್ಲಿ ಕುಳಿತು ಡೆಮೊಗಳನ್ನು ಧ್ವನಿಮುದ್ರಿಸಿಕೊಂಡು, ಆ ಬಂಡವಾಳವನ್ನೇ ನಂಬಿ ಲಂಡನ್ನಿಗೆ ಹೋದರು. ಅಲ್ಲಿ ಹಣದ ಮುಗ್ಗಟ್ಟಿನಲ್ಲಿ ದಿನ ದೂಡುತ್ತಿದ್ದಾಗ ಅವರಿಗೆ ಆಸರೆಯಾದದ್ದು ಜಾನ್ ರ್‍ಯಾಟ್‌ಕ್ಲಿಫ್ ಅವರ ರಾಂಡೆವೂ ಸ್ಟುಡಿಯೊ. ರ್‍ಯಾಟ್‌ಕ್ಲಿಫ್ ಅವರ ಮೂಲಕ ಟೆರ್‍ರಿ ಸ್ಲೇಟರ್ ತಂಡದ ವ್ಯವಸ್ಥಾಪಕರಾದರು, 1983ರ ಕೊನೆಯ ಹೊತ್ತಿಗೆ ವಾರ್ನರ್ ಬ್ರದರ್ಸ್ ಸಂಸ್ಥೆಯೊಡನೆ ಒಪ್ಪಂದವೂ ಆಯಿತು. ಈ ಅವಧಿಯಲ್ಲಿ ಹಾಡಿಗಿದ್ದ ಹೆಸರು ‘ಲೆಸನ್ ಒನ್’. ಸಂಪುಟದ ಡೆಮೊಗಳ ನಡುವೆ ಇದನ್ನು ಕೇಳಿದಾಗ ಆಗುವ ಅಚ್ಚರಿ ದೊಡ್ಡದು. ಸಾಹಿತ್ಯ ಬೇರೆ, ಹಾಡಿನ ಅಂಗಗಳು ಇನ್ನೂ ತಂತಮ್ಮ ಜಾಗವನ್ನು ಹುಡುಕುತ್ತಿವೆ, ಯಂತ್ರದ ತಾಳ ಬಡವಾಗಿದೆ. ಆದರೆ ಆ ರಿಫ್ ಮಾತ್ರ ಆಗಲೇ ಸಂಪೂರ್ಣವಾಗಿದೆ. ಮುಂದಿನ ನಲವತ್ತು ವರ್ಷ ಲೋಕ ಗುನುಗುನಿಸಲಿರುವ ರೂಪದಲ್ಲೇ ಇದೆ. ಹಾಡಿನ ಮುಖ ಮೊದಲೇ ಸಿಕ್ಕಿತ್ತು. ಇನ್ನೂ ಸಿಕ್ಕದೆ ಇದ್ದದ್ದು ಮೈಕಟ್ಟು.

ಆ ಮೈಕಟ್ಟಿನ ಹುಡುಕಾಟದಲ್ಲಿ ಮೊದಲು ಕೈಹಾಕಿದವರು ನಿರ್ಮಾಪಕ ಟೋನಿ ಮ್ಯಾನ್ಸ್‌ಫೀಲ್ಡ್. ಆ ಕಾಲಕ್ಕೆ ಅತ್ಯಂತ ದುಬಾರಿಯೂ ಅತ್ಯಾಧುನಿಕವೂ ಆಗಿದ್ದ ಫೇರ್‌ಲೈಟ್ ಎಂಬ ಗಣಕವಾದ್ಯದಲ್ಲಿ ಪಳಗಿದ ಕೈ ಅವರದು. ಆಲ್ಬಮ್ಮಿನ ಬಹುಪಾಲು ಹಾಡುಗಳನ್ನು ನಿರ್ಮಿಸಿದ ಅವರು ‘ಟೇಕ್ ಆನ್ ಮೀ’ಯನ್ನೂ ಅದೇ ಹದದಲ್ಲಿ ಕಟ್ಟಿದರು, 1984ರ ಅಕ್ಟೋಬರಿನಲ್ಲಿ ಅದು ಬಿಡುಗಡೆಯಾಯಿತು. ನಾರ್ವೆಯಲ್ಲಿ ಮೂರನೆಯ ಸ್ಥಾನದವರೆಗೆ ಹೋದ ಆ ಸಿಂಗಲ್ ಬ್ರಿಟನ್ನಿನಲ್ಲಿ 137ನೆಯ ಸ್ಥಾನವನ್ನು ದಾಟಲಿಲ್ಲ. ಮುಂದಿನ ಗೆಲುವಿನ ಬೆಳಕಿನಲ್ಲಿ ಈ ಆವೃತ್ತಿಯನ್ನು ಹೀಗಳೆಯುವುದು ವಾಡಿಕೆಯಾಗಿಬಿಟ್ಟಿದೆ, ಅದು ಸರಿಯೆಂದು ನನಗೆ ತೋರುವುದಿಲ್ಲ. ಸಂಪುಟದಲ್ಲಿರುವ 1984ರ ಸಿಂಗಲ್ಲನ್ನು ಹಿತವಾದ ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ, ಅದರ ಕೆಲಸ ಎಷ್ಟು ಅಚ್ಚುಕಟ್ಟಾದುದೆಂಬುದು ತಿಳಿಯುತ್ತದೆ. ಪ್ರತಿಯೊಂದು ನಾದವೂ ಚೂಪಾಗಿ, ತನ್ನ ಅಂಚನ್ನು ಬಿಡದೆ, ಒಣಗಿದ ಹಿನ್ನೆಲೆಯ ಮೇಲೆ ನಿಲ್ಲುತ್ತದೆ. ತೊಂದರೆ ಇರುವುದು ಬೇರೆ ಕಡೆ: ಅಲ್ಲಿ ಹಾರ್ಕೆಟ್ ಅವರ ಕಂಠವೂ ಆ ನಾದಗಳ ಸಾಲಿನಲ್ಲಿ ಮತ್ತೊಂದು ನಾದವಾಗಿ ನಿಂತಿದೆ. ಹಾಡುಗಾರ ಮೇಲಕ್ಕೆ ಏರುತ್ತಿದ್ದಾನೆ, ಆದರೆ ಅವನ ಸುತ್ತಲಿನ ಸಂಗೀತ ನಿಂತಲ್ಲೇ ನಿಂತಿದೆ. ಏರಿಕೆಗೆ ಬೇಕಾದ ನೆಲವೂ ಆಕಾಶವೂ ಅದರಲ್ಲಿಲ್ಲ.

ಎರಡನೆಯ ಯತ್ನಕ್ಕಾಗಿ ಸ್ಲೇಟರ್ ಅವರು ಅಲನ್ ಟಾರ್ನಿ ಎಂಬ ನಿರ್ಮಾಪಕರ ಬಳಿ ಹೋದರು. ಕ್ಲಿಫ್ ರಿಚರ್ಡ್ ಅವರಿಗೆ 1979ರಲ್ಲಿ ದೊಡ್ಡ ಗೆಲುವು ತಂದ ‘ವೀ ಡೋಂಟ್ ಟಾಕ್ ಎನಿಮೋರ್’ ಬರೆದವರು ಇವರೇ. ಕಂಠದ ಸುತ್ತ ಹಾಡನ್ನು ಕಟ್ಟುವುದರಲ್ಲಿ ಟಾರ್ನಿ ಪರಿಣತರು. ಅವರು ಮ್ಯಾನ್ಸ್‌ಫೀಲ್ಡ್ ಆವೃತ್ತಿಯನ್ನು ತಿದ್ದುವುದಕ್ಕೆ ಹೋಗದೆ, ತಂಡದ ಡೆಮೊದಲ್ಲಿದ್ದ ಉಸಿರಿನ ಕಡೆಗೆ ಮರಳಿ ಇಡೀ ಹಾಡನ್ನು ಹೊಸದಾಗಿ ಧ್ವನಿಮುದ್ರಿಸಿದರು. ರಿಫ್ಫನ್ನು ರೋಲ್ಯಾಂಡ್ ಜೂನೋ-60 ಮತ್ತು ಯಮಾಹಾ ಡಿಎಕ್ಸ್7 ಸಿಂಥಸೈಸರುಗಳಲ್ಲಿ ಒಟ್ಟಿಗೆ ನುಡಿಸಲಾಯಿತು. ಮೊದಲನೆಯದು ಹಳೆಯ ಬಗೆಯ ತುಂಬು ದನಿಯದು, ಎರಡನೆಯದು ಆಗಷ್ಟೇ ಬಂದಿದ್ದ ಡಿಜಿಟಲ್ ತಂತ್ರದ ಗಾಜಿನಂಥ ಮೊನಚಿನದು; ಇವೆರಡೂ ಒಂದರ ಮೇಲೊಂದು ಕುಳಿತದ್ದರಿಂದಲೇ ಆ ಸ್ವರಗುಚ್ಛಕ್ಕೆ ಬೆಚ್ಚಗೂ ಥಳಥಳವೂ ಆದ ಬಣ್ಣ ಬಂದಿತು. ಲಿನ್‌ಡ್ರಮ್ ಎಂಬ ತಾಳಯಂತ್ರದ ಬಡಿತದ ಮೇಲೆ ನಿಜವಾದ ಸಿಂಬಲ್ಲುಗಳನ್ನು ಸೇರಿಸಲಾಯಿತು. ನಿಮಿಷಕ್ಕೆ ಸುಮಾರು 169 ಬಡಿತಗಳ ವೇಗದಲ್ಲಿ ಓಡುವ ಹಾಡು ಯಂತ್ರದ ಕೈಗೆ ಪೂರ್ತಿ ಸಿಕ್ಕಿಬೀಳದೆ ಉಳಿದದ್ದು ಇಂಥ ಸಣ್ಣ ಜಾಣ್ಮೆಗಳಿಂದ. ಈ ಸಂಪುಟದಲ್ಲಿ 1984ರ ಆವೃತ್ತಿಯನ್ನೂ 1985ರದನ್ನೂ ಬೆನ್ನುಬೆನ್ನಿಗೆ ಕೇಳಿದರೆ, ನಿರ್ಮಾಪಕನೊಬ್ಬ ಏನು ಮಾಡುತ್ತಾನೆ ಎಂಬ ಪ್ರಶ್ನೆಗೆ ಯಾವ ಪಠ್ಯಪುಸ್ತಕವೂ ಕೊಡಲಾರದ ಉತ್ತರ ದೊರೆಯುತ್ತದೆ. ಸ್ವರಗಳು ಅವೇ, ಹಾಡುವವನೂ ಅವನೇ. ಆದರೆ ಈಗ ಎಲ್ಲ ವಾದ್ಯಗಳೂ ಕಂಠಕ್ಕೆ ದಾರಿ ಬಿಟ್ಟಿವೆ, ಪಲ್ಲವಿ ಬಂದಾಗ ಕೆಳಗಿನಿಂದ ಅದನ್ನು ಎತ್ತಿ ಹಿಡಿದಿವೆ.

ಆ ಪಲ್ಲವಿಯ ಬಗ್ಗೆ ತುಸು ವಿವರವಾಗಿ ಹೇಳಲೇಬೇಕು. ಹಾಡಿನ ನೆಲೆ ಪಾಶ್ಚಾತ್ಯ ಸಂಗೀತದ ಎ ಮೇಜರ್. ಆದರೆ ಚರಣ ಆ ನೆಲೆಯ ಮೇಲೆ ನೇರವಾಗಿ ಕಾಲಿಡದೆ, ಬಿ ಮೈನರ್ ಕಾರ್ಡಿನಿಂದ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿನಿಂದ) ಶುರುವಾಗುತ್ತದೆ, ಎ ಮೇಜರನ್ನು ಹಾದುಹೋದರೂ ಅಲ್ಲಿ ನೆಲೆ ನಿಲ್ಲುವುದಿಲ್ಲ. ಕೇಳುವವರ ಮನಸ್ಸು ಮನೆಗೆ ಮರಳಲು ಕಾಯುವಂತೆ ಮಾಡುತ್ತದೆ. ಪಲ್ಲವಿಯ ಮೊದಲ ಸ್ವರದಲ್ಲಿ ಆ ಕಾಯುವಿಕೆ ಮುಗಿಯುತ್ತದೆ. ಎ ಸ್ವರವನ್ನು ಷಡ್ಜವೆಂದಿಟ್ಟುಕೊಂಡು ನಮ್ಮ ಸಂಗೀತದ ಕಿವಿಯಿಂದ ಕೇಳಿದರೆ, ಹಾರ್ಕೆಟ್ ಮಂದ್ರದ ಷಡ್ಜದಲ್ಲಿ ಆರಂಭಿಸಿ, ಒಂದೇ ನೆಗೆತಕ್ಕೆ ಕಾಕಲಿ ನಿಷಾದವನ್ನು ಮುಟ್ಟಿ, ಅಲ್ಲಿಂದ ಮೇಲಿನ ಷಡ್ಜಕ್ಕೆ ಸರಿಯುತ್ತಾರೆ. ಷಡ್ಜದಿಂದ ನೇರ ಷಡ್ಜಕ್ಕೆ ಹಾರುವುದು ಗಾಯಕರಿಗೆ ಕಷ್ಟದ ಕೆಲಸವೇನಲ್ಲ, ಕೇಳುಗರಿಗೂ ಅದರಲ್ಲಿ ಹೊಸತೇನಿಲ್ಲ. ಒಂದು ಮೆಟ್ಟಿಲು ಕಡಿಮೆ ಹಾರಿ, ನಿಷಾದದ ಆ ಚಡಪಡಿಕೆಯನ್ನು ಒಂದು ಕ್ಷಣ ಅನುಭವಿಸಿ, ಆಮೇಲೆ ಷಡ್ಜವನ್ನು ಸೇರುವುದರಲ್ಲಿ ಈ ಹಾಡಿನ ಜೀವ ಅಡಗಿದೆ. ಅಲ್ಲಿಗೆ ಏರಿಕೆ ನಿಲ್ಲುವುದಿಲ್ಲ. ಪಲ್ಲವಿ ಸಾಲಿನಿಂದ ಸಾಲಿಗೆ ಮೇಲೇರುತ್ತ, ಕೊನೆಯ ಸಾಲಿನಲ್ಲಿ ತಾರಸ್ಥಾಯಿಯ ಷಡ್ಜವನ್ನೂ ದಾಟಿ ಅದರ ಪಂಚಮದಲ್ಲಿ ನಿಲ್ಲುತ್ತದೆ. ಎರಡೂವರೆ ಸ್ಥಾಯಿಗೆ ಸಮನಾದ ಈ ಹರಹನ್ನು ಒಂದು ಜನಪ್ರಿಯ ಗೀತೆಯ ಪಲ್ಲವಿಯಲ್ಲಿ, ಅದೂ ಕೆಲವೇ ಸೆಕೆಂಡುಗಳಲ್ಲಿ, ದಾಟುವುದು ಸಾಮಾನ್ಯ ಸಂಗತಿಯಲ್ಲ. ಕೊನೆಯ ಸ್ವರಕ್ಕೆ ಹಾರ್ಕೆಟ್ ಕಳ್ಳದನಿಯನ್ನು ಬಳಸುತ್ತಾರೆ ನಿಜ, ಆದರೆ ಎದೆಯ ದನಿಯಿಂದ ಕಳ್ಳದನಿಗೆ ದಾಟುವ ಗೆರೆ ಎಲ್ಲಿದೆಯೆಂದು ಹಿಡಿಯುವುದು ಸುಲಭವಲ್ಲ. ದಾಟುವಾಗ ದನಿ ತೆಳುವಾಗುವುದಿಲ್ಲ, ನಡುಗುವುದೂ ಇಲ್ಲ. ಇದನ್ನು ಗೆಳೆಯರ ಕೂಟದಲ್ಲಿ ಹಾಡಲು ಹೊರಟ ಯಾರೂ ಕೊನೆಯ ಸ್ವರದಲ್ಲಿ ಎಡವದೆ ಉಳಿದದ್ದನ್ನು ನಾನು ಕಂಡಿಲ್ಲ. ಎಲ್ಲರಿಗೂ ಹಾಡಬೇಕೆನಿಸುವುದು ಮತ್ತು ಹೆಚ್ಚಿನವರಿಂದ ಹಾಡಲಾಗದಿರುವುದು, ಈ ಎರಡೂ ಒಂದೇ ಹಾಡಿನಲ್ಲಿ ಕೂಡಿರುವುದು ಅದರ ದೀರ್ಘಾಯುಷ್ಯಕ್ಕೆ ದೊಡ್ಡ ಕಾರಣಗಳಲ್ಲಿ ಒಂದೆಂದು ನನ್ನ ನಂಬಿಕೆ.

ಇಷ್ಟೆಲ್ಲ ಇದ್ದ ಟಾರ್ನಿ ಆವೃತ್ತಿಯೂ 1985ರ ವಸಂತದಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾದಾಗ ಸೋತಿತು ಎಂಬುದನ್ನು ಮರೆಯಬಾರದು. ಒಳ್ಳೆಯ ಹಾಡು ತಾನಾಗಿಯೇ ಜನರನ್ನು ತಲುಪುತ್ತದೆ ಎಂಬ ಮಾತು ಈ ಸಂದರ್ಭದಲ್ಲಿ ನಿಲ್ಲುವುದಿಲ್ಲ. ಹಾಡನ್ನು ಬಿಟ್ಟುಕೊಡದೆ ಉಳಿಸಿದವರು ವಾರ್ನರ್ ಸಂಸ್ಥೆಯ ಅಮೆರಿಕ ಕಚೇರಿಯವರು, ಮುಖ್ಯವಾಗಿ ಅಲ್ಲಿನ ಸೃಜನ ವಿಭಾಗದ ಜೆಫ್ ಏಯರಾಫ್. ಹಾಡುಗಳ ವಿಡಿಯೊಗಳನ್ನು ಬಿತ್ತರಿಸುತ್ತಿದ್ದ ಎಂಟಿವಿ ವಾಹಿನಿಯ ಕಾಲ ಅದು. ಹಾಡಿಗೆ ಕಣ್ಣಿನ ದಾರಿಯೊಂದು ಬೇಕೆಂದು ಅರಿತ ಅವರು, ಮೈಕೆಲ್ ಜ್ಯಾಕ್ಸನ್ ಅವರ ‘ಬಿಲ್ಲಿ ಜೀನ್’ ವಿಡಿಯೊ ಮಾಡಿದ್ದ ಸ್ಟೀವ್ ಬ್ಯಾರನ್ ಅವರಿಗೆ ಕೆಲಸ ಒಪ್ಪಿಸಿದರು. ಕ್ಯಾಲಿಫೋರ್ನಿಯಾದಲ್ಲಿ ಕಲಾ ವಿದ್ಯಾರ್ಥಿಯಾಗಿದ್ದಾಗ ಮೈಕೆಲ್ ಪ್ಯಾಟರ್ಸನ್ ಮಾಡಿದ್ದ ‘ಕಮ್ಯೂಟರ್’ ಎಂಬ ಪೆನ್ಸಿಲ್ ರೇಖೆಗಳ ಕಿರುಚಿತ್ರ ಈ ಯೋಜನೆಗೆ ಬೀಜವಾಯಿತು. ಪ್ಯಾಟರ್ಸನ್ ಮತ್ತು ಕ್ಯಾಂಡೇಸ್ ರೆಕಿಂಜರ್ ಇಬ್ಬರೂ ಸೇರಿ, ಚಿತ್ರೀಕರಿಸಿದ ದೃಶ್ಯಗಳನ್ನು ಚೌಕಟ್ಟಿನಿಂದ ಚೌಕಟ್ಟಿಗೆ ಕೈಯಿಂದ ಬರೆದು ಜೋಡಿಸಿದರು. ರೋಟೋಸ್ಕೋಪಿಂಗ್ ಎಂಬ ಈ ಹಳೆಯ ವಿಧಾನದಲ್ಲಿ ಸುಮಾರು 3,000 ಚೌಕಟ್ಟುಗಳನ್ನು ಬಿಡಿಸಲು ಹದಿನಾರು ವಾರ ಹಿಡಿಯಿತು. ಲಂಡನ್ನಿನ ಕೆಫೆಯೊಂದರಲ್ಲಿ ಕುಳಿತು ಕಾಮಿಕ್ ಪುಸ್ತಕ ಓದುತ್ತಿರುವ ಯುವತಿಯ ಕಡೆಗೆ ಪುಟದೊಳಗಿನಿಂದ ಪೆನ್ಸಿಲ್ ಕೈಯೊಂದು ಚಾಚಿಕೊಳ್ಳುತ್ತದೆ; ಅವಳು ಆ ಕೈ ಹಿಡಿದು ಒಳಗೆ ಹೋಗುತ್ತಾಳೆ. ಅಲ್ಲಿ ಎದುರಾಳಿಗಳು ಬೆನ್ನಟ್ಟುತ್ತಾರೆ, ಹೊರಗೆ ಕೆಫೆಯ ಪರಿಚಾರಕಿ ಆ ಪುಟವನ್ನು ಮುದುಡಿ ಕಸದ ಬುಟ್ಟಿಗೆ ಎಸೆಯುತ್ತಾಳೆ. ಯುವತಿಯಾಗಿ ನಟಿಸಿದವರು ಬಂಟಿ ಬೇಲಿ.

ಈ ವಿಡಿಯೊ 1986ರ ಎಂಟಿವಿ ಪ್ರಶಸ್ತಿಗಳಲ್ಲಿ ಆರನ್ನು ಗೆದ್ದುಕೊಂಡಿತು, ಹಾಡನ್ನು ಅಮೆರಿಕದ ಮೊದಲ ಸ್ಥಾನಕ್ಕೆ ಕೊಂಡೊಯ್ದದ್ದೂ ಇದೇ. ಮೂರನೆಯ ಬಾರಿಗೆ ಬಿಡುಗಡೆಯಾದಾಗ ಬ್ರಿಟನ್ನಿನವರೂ ಕೊನೆಗೆ ಒಪ್ಪಿಕೊಂಡರು. ಅಲ್ಲಿ ಅದು ಎರಡನೆಯ ಸ್ಥಾನದವರೆಗೆ ಬಂತು, ಜೆನಿಫರ್ ರಶ್ ಅವರ ‘ದಿ ಪವರ್ ಆಫ್ ಲವ್’ ಮೊದಲ ಸ್ಥಾನವನ್ನು ಬಿಟ್ಟುಕೊಡಲಿಲ್ಲ. ಭಾರತದಲ್ಲಿ 1991ರಲ್ಲಿ ಉಪಗ್ರಹ ವಾಹಿನಿಗಳ ಮೂಲಕ ಎಂಟಿವಿ ಮನೆಯೊಳಗೆ ಬಂದ ಮೇಲೆ ಪಾಶ್ಚಾತ್ಯ ಸಂಗೀತದ ಕಡೆಗೆ ತಿರುಗಿದ ನನ್ನಂಥವರಿಗೆ ಹಾಡಿಗಿಂತ ಮೊದಲು ಪರಿಚಯವಾದದ್ದು ಆ ಪೆನ್ಸಿಲ್ ಗೆರೆಗಳೇ. ಆದರೂ ಹಾಡಿನ ಬಾಳಿಕೆಯ ಶ್ರೇಯಸ್ಸನ್ನೆಲ್ಲ ವಿಡಿಯೊಗೆ ಕೊಡುವ ಮಾತನ್ನು ನಾನು ಒಪ್ಪುವುದಿಲ್ಲ. ಆ ದಶಕದಲ್ಲಿ ಕಣ್ಣು ಕೋರೈಸಿದ ವಿಡಿಯೊಗಳು ಸಾಕಷ್ಟು ಬಂದವು, ಅವುಗಳ ಜೊತೆಗಿದ್ದ ಹಾಡುಗಳಲ್ಲಿ ಬಹುಪಾಲು ಇಂದು ಯಾರ ನಾಲಗೆಯ ಮೇಲೂ ಇಲ್ಲ. ಇಲ್ಲಿ ನಡೆದದ್ದು ಬೇರೆ. ಒಂದು ಲೋಕದಿಂದ ಇನ್ನೊಂದಕ್ಕೆ ದಾಟಲು ಹೆಣಗುವ ಮನುಷ್ಯನ ಕಥೆಯನ್ನು ಬ್ಯಾರನ್ ಹೊರಗಿನಿಂದ ತಂದು ಅಂಟಿಸಿದ್ದಲ್ಲ; ಪಲ್ಲವಿಯ ಏರಿಕೆಯಲ್ಲಿಯೇ ಆ ಹೆಣಗಾಟವಿತ್ತು. ಗೋಡೆಗಳಿಗೆ ಮೈ ಬಡಿದುಕೊಳ್ಳುತ್ತ ಗೆರೆಯ ಮನುಷ್ಯ ಮಾಂಸದ ಮನುಷ್ಯನಾಗುವ ಕೊನೆಯ ದೃಶ್ಯವನ್ನು ನೋಡಿದಾಗಲೆಲ್ಲ ಚಿತ್ರ ಮತ್ತು ಸ್ವರ ಒಂದೇ ಮಾತನ್ನು ಹೇಳುತ್ತಿವೆ ಎನ್ನಿಸುತ್ತದೆ.

ಇಲ್ಲೊಂದು ಮಾತನ್ನು ಸೇರಿಸಬೇಕು. ಅಮೆರಿಕದಲ್ಲಿ ಆ-ಹಾ ತಂಡವನ್ನು ಒಂದೇ ಹಾಡಿನ ತಂಡವೆಂದು ಕರೆಯುವ ರೂಢಿಯಿದೆ, ಅದು ಅನ್ಯಾಯ. ಇದೇ ಆಲ್ಬಮ್ಮಿನ, ಇದೇ ಟಾರ್ನಿ ನಿರ್ಮಿಸಿದ ‘ದಿ ಸನ್ ಆಲ್ವೇಸ್ ಶೈನ್ಸ್ ಆನ್ ಟಿ.ವಿ.’ 1986ರ ಆರಂಭದಲ್ಲಿ ಬ್ರಿಟನ್ನಿನ ಮೊದಲ ಸ್ಥಾನಕ್ಕೇರಿತು, 1987ರಲ್ಲಿ ಜೇಮ್ಸ್ ಬಾಂಡ್ ಚಿತ್ರವೊಂದರ ಶೀರ್ಷಿಕೆ ಗೀತೆ ಅವರದಾಯಿತು. 1991ರಲ್ಲಿ ರಿಯೊ ನಗರದ ಮರಕಾನಾ ಕ್ರೀಡಾಂಗಣದಲ್ಲಿ ಅವರ ಕಛೇರಿಗೆ ಸೇರಿದ ಜನಸ್ತೋಮ ಗಿನ್ನೆಸ್ ದಾಖಲೆ ಸೇರಿತು. ಈ ಸಂಪುಟದ ಮೊದಲ ಡಿಸ್ಕನ್ನು ಪೂರ್ತಿಯಾಗಿ ಕೇಳಿದವರಿಗೆ, ಶೀರ್ಷಿಕೆ ಗೀತೆಯ ಗಾಢವಾದ ವಿಷಾದವನ್ನು ಕೇಳಿದವರಿಗೆ, ಆ ರೂಢಿಯ ಮಾತನ್ನು ಮತ್ತೆ ಆಡಲು ಮನಸ್ಸು ಬರಲಾರದು.

ಹಾಡಿನ ಬಾಳಿಕೆಗೆ ಬಂದರೆ, ಅದನ್ನು ಎಷ್ಟು ಮಂದಿ ಎತ್ತಿಕೊಂಡರೆಂಬುದೇ ಒಂದು ಅಳತೆ. 2000ದಲ್ಲಿ ಎ1 ಎಂಬ ಹುಡುಗರ ತಂಡ ಇದನ್ನು ಮತ್ತೆ ಹಾಡಿ ಬ್ರಿಟನ್ನಿನ ಮೊದಲ ಸ್ಥಾನ ಪಡೆಯಿತು, ಮೂಲ ಹಾಡಿಗೇ ದಕ್ಕದಿದ್ದ ಸ್ಥಾನ ಅದು. 2013ರಲ್ಲಿ ಪಿಟ್‌ಬುಲ್ ಮತ್ತು ಕ್ರಿಸ್ಟಿನಾ ಆಗಿಲೆರಾ ಅವರ ಗೀತೆಯೊಂದು ಆ ರಿಫ್ಫನ್ನೇ ಬೆನ್ನೆಲುಬಾಗಿ ಮಾಡಿಕೊಂಡಿತು. 2020ರಲ್ಲಿ ಬಂದ ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ ಎಂಬ ವಿಡಿಯೊ ಗೇಮಿನಲ್ಲಿ ನಾಯಕಿ ಗಿಟಾರ್ ಹಿಡಿದು ಇದನ್ನು ಮೆಲ್ಲಗೆ ಹಾಡುವ ಸನ್ನಿವೇಶದಿಂದ, ಎಂಟಿವಿಯ ಕಾಲವನ್ನೇ ಕಾಣದ ಪೀಳಿಗೆಗೆ ಹಾಡು ತಲುಪಿತು. ಅದೇ ವರ್ಷದ ಫೆಬ್ರವರಿಯಲ್ಲಿ ಯೂಟ್ಯೂಬಿನಲ್ಲಿ ವಿಡಿಯೊದ ವೀಕ್ಷಣೆ ನೂರು ಕೋಟಿ ಮುಟ್ಟಿತು. ಇವುಗಳಲ್ಲಿ ಎ1 ತಂಡದ ಪ್ರಯತ್ನ ನನಗೆ ಸಪ್ಪೆಯಾಗಿ ಕೇಳುತ್ತದೆ. ಎಲ್ಲರೂ ಸೇರಿ ಹಂಚಿಕೊಂಡು ಏರಿದ ಏರಿಕೆಯಲ್ಲಿ ಒಬ್ಬನೇ ಏರುವಾಗಿನ ಅಪಾಯ ಇಲ್ಲವಾಗುತ್ತದೆ.

ನಿಜವಾದ ಪರೀಕ್ಷೆ ನಡೆದದ್ದು 2017ರ ಜೂನ್ ತಿಂಗಳಲ್ಲಿ. ನಾರ್ವೆಯ ಪಶ್ಚಿಮ ಕರಾವಳಿಯ ಗಿಸ್ಕೆ ದ್ವೀಪದಲ್ಲಿ ಎಂಟಿವಿ ಅನ್‌ಪ್ಲಗ್ಡ್ ಸರಣಿಗಾಗಿ ತಂಡ ತನ್ನ ಹಾಡುಗಳನ್ನು ಅಕೌಸ್ಟಿಕ್ ವಾದ್ಯಗಳೊಡನೆ ನುಡಿಸಿತು, ಅದು ಆ ವರ್ಷವೇ ‘ಸಮರ್ ಸಾಲ್ಸ್ಟಿಸ್’ ಎಂಬ ಹೆಸರಿನಲ್ಲಿ ಹೊರಬಂತು. ಅಲ್ಲಿ ‘ಟೇಕ್ ಆನ್ ಮೀ’ಯ ಓಟವನ್ನು ಪೂರ್ತಿ ನಿಲ್ಲಿಸಿ, ವಿಲಂಬಕ್ಕೆ ಇಳಿಸಲಾಗಿದೆ. ತಾಳಯಂತ್ರವಿಲ್ಲ, ಸಿಂಥಸೈಸರಿನ ಥಳುಕಿಲ್ಲ, ಆ ಕಾಲದ ಗುರುತಾಗಿದ್ದ ಒಂದೊಂದು ಆಭರಣವನ್ನೂ ತೆಗೆದಿಡಲಾಗಿದೆ. ಐವತ್ತೇಳರ ಹಾರ್ಕೆಟ್ ಪಲ್ಲವಿಯ ಕೊನೆಯ ಸ್ವರವನ್ನು ಗೆದ್ದ ಹುಮ್ಮಸ್ಸಿನಲ್ಲಿ ಹಿಡಿಯುವುದಿಲ್ಲ, ಬಹಳ ಹಗುರವಾಗಿ ಮುಟ್ಟುತ್ತಾರೆ. ಯೌವನದ ಉತ್ಸಾಹವೆಂದು ನಾವೆಲ್ಲ ತಿಳಿದಿದ್ದ ಹಾಡು, ಸಮಯ ಕೈಜಾರುತ್ತಿದೆ ಎಂದು ತಿಳಿದವನೊಬ್ಬನ ಬಿನ್ನಹವಾಗಿ ಕೇಳುತ್ತದೆ. ಹೊಸದಾಗಿ ಏನನ್ನೂ ಸೇರಿಸದೆ, ಇದ್ದದ್ದನ್ನು ಕಳೆಯುತ್ತ ಹೋದಾಗಲೂ ಹಾಡು ನಿಂತಿತು. ಅದರ ಬಲ ಎಂಬತ್ತರ ದಶಕದ ನಾದಗಳಲ್ಲಿ ಇರಲಿಲ್ಲ, ಆ ಸ್ವರಗಳ ಏರಿಕೆಯಲ್ಲಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಕಿಲ್ಲ. 2025ರ ಜೂನಿನಲ್ಲಿ ಹಾರ್ಕೆಟ್ ತಮಗೆ ಪಾರ್ಕಿನ್ಸನ್ ಕಾಯಿಲೆ ಇರುವುದನ್ನು ಬಹಿರಂಗಪಡಿಸಿದ ಮೇಲೆ ಆ ಧ್ವನಿಮುದ್ರಣವನ್ನು ಕೇಳುವುದು ಇನ್ನಷ್ಟು ಕಷ್ಟವಾಗಿದೆ, ಇನ್ನಷ್ಟು ಅಮೂಲ್ಯವೂ ಆಗಿದೆ.

ಮತ್ತೆ ಸಂಪುಟಕ್ಕೆ ಬರೋಣ. ಇದರ ಕೊರತೆಗಳನ್ನು ಹೇಳದೆ ಬಿಡುವುದು ಕೊಳ್ಳುವವರಿಗೆ ಮಾಡುವ ವಂಚನೆಯಾದೀತು. ಮೊದಲನೆಯದಾಗಿ, ಒಂದೇ ಹಾಡಿನ ಬೇರೆ ಬೇರೆ ರೂಪಗಳು ಬೇರೆ ಬೇರೆ ಡಿಸ್ಕುಗಳಲ್ಲಿ ಚದುರಿಕೊಂಡಿವೆ. ಡೆಮೊಗಳು ಒಂದು ಕಡೆ, ಸಿಂಗಲ್ ಮತ್ತು ದೀರ್ಘ ಮಿಶ್ರಣಗಳು ಇನ್ನೊಂದು ಕಡೆ, ಅಂತಿಮ ರೂಪ ಮೊದಲ ಡಿಸ್ಕಿನಲ್ಲಿ. ದಾಖಲೆಯ ದೃಷ್ಟಿಯಿಂದ ಈ ವಿಂಗಡಣೆ ಸರಿಯಿರಬಹುದು, ಆದರೆ ಹಾಡಿನ ಬೆಳವಣಿಗೆಯನ್ನು ಕಾಲಾನುಕ್ರಮದಲ್ಲಿ ಕೇಳಬೇಕೆಂದರೆ ಡಿಸ್ಕುಗಳನ್ನು ಬದಲಾಯಿಸುತ್ತಲೇ ಇರಬೇಕಾಗುತ್ತದೆ. ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿಕೊಂಡು, ಡೆಮೊ, 1984ರ ಸಿಂಗಲ್, 1985ರ ಆವೃತ್ತಿ ಎಂಬ ಸಾಲು ಕಟ್ಟಿಕೊಂಡ ಮೇಲೆಯೇ ಈ ಸಂಪುಟ ನನಗೆ ಪೂರ್ತಿಯಾಗಿ ತೆರೆದುಕೊಂಡಿತು. ಎರಡನೆಯದಾಗಿ, ಎಂಬತ್ತರ ದಶಕದ ದೀರ್ಘ ಮಿಶ್ರಣಗಳಲ್ಲಿ ಹೆಚ್ಚಿನವು ಆ ಕಾಲದ ನೃತ್ಯಮಂದಿರಗಳ ಅಗತ್ಯಕ್ಕೆ ಹಿಗ್ಗಿಸಿದಂಥವು. ನಾಲ್ಕು ನಿಮಿಷದೊಳಗೆ ಹೇಳಬೇಕಾದುದನ್ನೆಲ್ಲ ಹೇಳಿ ಮುಗಿಸುವ ಈ ಹಾಡಿಗೆ ಆ ಉದ್ದ ಹೊರೆಯಾಗಿದೆ. ಮನೆಯಲ್ಲಿ ಕುಳಿತು ಕೇಳುವವರು ಅವುಗಳಿಗೆ ಎರಡನೆಯ ಬಾರಿ ಮರಳುವುದು ಅನುಮಾನ.

ಡಿ.ವಿ.ಡಿ.ಯ ಬಗ್ಗೆ ಇನ್ನೂ ಸ್ಪಷ್ಟವಾಗಿ ಹೇಳಬೇಕು. 2015ರಲ್ಲಿ ಅದಕ್ಕೊಂದು ಮೌಲ್ಯವಿತ್ತು. ಆದರೆ 2019ರಲ್ಲಿ ‘ಟೇಕ್ ಆನ್ ಮೀ’ ವಿಡಿಯೊವನ್ನು ಮೂಲ ಫಿಲ್ಮಿನಿಂದ 4ಕೆ ಗುಣಮಟ್ಟದಲ್ಲಿ ಜೀರ್ಣೋದ್ಧಾರ ಮಾಡಿ ಯೂಟ್ಯೂಬಿನಲ್ಲಿ ಉಚಿತವಾಗಿ ಇಟ್ಟ ಮೇಲೆ, ಡಿ.ವಿ.ಡಿ.ಯ ಚಿತ್ರ ಮಂಕಾಗಿ ಕಾಣುತ್ತದೆ. ಪೆನ್ಸಿಲ್ ಗೆರೆಗಳ ಒರಟುತನ, ಕಾಗದದ ತರಿ, ಒಂದು ಚೌಕಟ್ಟಿನಿಂದ ಮುಂದಿನದಕ್ಕೆ ಗೆರೆ ಕದಲುವ ಬಗೆ, ಇವೆಲ್ಲ ಕಾಣಬೇಕಾದರೆ 4ಕೆ ರೂಪವನ್ನೇ ನೋಡಬೇಕು. ಪುಸ್ತಕ ಚೆನ್ನಾಗಿದೆ, ಛಾಯಾಚಿತ್ರಗಳು ಆಸೆಪಟ್ಟು ತಿರುವುವಂತಿವೆ; ಆದರೆ 1984ರ ಸೋಲಿಗೂ 1985ರ ಗೆಲುವಿಗೂ ನಡುವೆ ಸ್ಟುಡಿಯೊದಲ್ಲಿ ನಡೆದ ಕೆಲಸದ ಬಗ್ಗೆ, ಯಾವ ವಾದ್ಯ ಎಲ್ಲಿ ಬಂತು, ಕಂಠವನ್ನು ಹೇಗೆ ಧ್ವನಿಮುದ್ರಿಸಿದರು ಎಂಬ ಬಗ್ಗೆ, ಇನ್ನೂ ಆಳವಾದ ಬರಹವನ್ನು ನಾನು ಬಯಸಿದ್ದೆ.

ಧ್ವನಿಯ ಗುಣಮಟ್ಟದಲ್ಲಿ ಮೊದಲ ಡಿಸ್ಕ್ ತೃಪ್ತಿ ಕೊಡುತ್ತದೆ. ಹಾಡಿನ ಮೊದಲ ಕ್ಷಣಗಳಲ್ಲಿ ತಾಳಯಂತ್ರ ಒಂಟಿಯಾಗಿ ನುಡಿಯುವಾಗ ಅದರ ಕೆಳದನಿ ಗಟ್ಟಿಯಾಗಿ ನಿಲ್ಲುತ್ತದೆ. ರಿಫ್ ಬಂದ ಮೇಲೆ ಎರಡು ಸಿಂಥಸೈಸರುಗಳ ಪದರಗಳನ್ನು ಗಮನವಿಟ್ಟರೆ ಬೇರ್ಪಡಿಸಿ ಕೇಳಬಹುದು. ಡೆಮೊಗಳು ಡೆಮೊಗಳಂತೆಯೇ ಇವೆ. ಅವುಗಳ ಒರಟನ್ನು ಅತಿಯಾಗಿ ಉಜ್ಜಿ ನಯಗೊಳಿಸದೆ ಬಿಟ್ಟದ್ದು ಸರಿಯಾದ ತೀರ್ಮಾನವೆಂದು ನನಗನ್ನಿಸುತ್ತದೆ.

ಹಾಗಾದರೆ ಇದನ್ನು ಯಾರು ಕೊಳ್ಳಬೇಕು? ಹಾಡೊಂದೇ ಸಾಕೆನ್ನುವವರಿಗೆ ಈ ದೊಡ್ಡ ಪೆಟ್ಟಿಗೆಯ ಅಗತ್ಯವಿಲ್ಲ. ಮೂಲ ಆಲ್ಬಮ್ಮಿನ ಒಂದು ಪ್ರತಿಯೂ ಯೂಟ್ಯೂಬಿನ 4ಕೆ ವಿಡಿಯೊವೂ ಧಾರಾಳವಾಗಿ ಸಾಕು. ವಿದೇಶದಿಂದ ತರಿಸಿಕೊಳ್ಳುವವರು ಸಾಗಣೆ ವೆಚ್ಚವನ್ನೂ ಸುಂಕವನ್ನೂ ಲೆಕ್ಕಕ್ಕೆ ಸೇರಿಸಿಕೊಂಡೇ ನಿರ್ಧರಿಸುವುದು ಒಳ್ಳೆಯದು, ಏಕೆಂದರೆ ಪೆಟ್ಟಿಗೆ ಭಾರದ್ದು. ಡಿಸ್ಕುಗಳನ್ನು ಕೈಯಲ್ಲಿ ಹಿಡಿಯಬೇಕೆಂಬ ಹಂಬಲವಿಲ್ಲದವರು ಸ್ಟ್ರೀಮಿಂಗ್ ಸೇವೆಗಳಲ್ಲಿ ಇದರ ಹಾಡುಗಳನ್ನು ಹುಡುಕಿಕೊಳ್ಳಬಹುದು, ಪುಸ್ತಕ ಮಾತ್ರ ತಪ್ಪಿಹೋಗುತ್ತದೆ. ಆದರೆ ಹಾಡು ಕಟ್ಟುವವರು, ಮನೆಯಲ್ಲೇ ಸಣ್ಣ ಸ್ಟುಡಿಯೊ ಮಾಡಿಕೊಂಡು ಧ್ವನಿಮುದ್ರಣದಲ್ಲಿ ತೊಡಗಿದವರು, ಸಂಗೀತ ನಿರ್ದೇಶನವನ್ನು ವೃತ್ತಿಯಾಗಿ ಆರಿಸಿಕೊಳ್ಳಲು ಹೊರಟ ಕಿರಿಯರು, ಇವರಿಗೆ ಈ ಸಂಪುಟವನ್ನು ನಾನು ಒತ್ತಿ ಶಿಫಾರಸು ಮಾಡುತ್ತೇನೆ. ಅವರು ಮೊದಲ ಡಿಸ್ಕಿನಿಂದ ಶುರುಮಾಡದೆ, ಡೆಮೊಗಳ ಡಿಸ್ಕಿನಲ್ಲಿರುವ ‘ಲೆಸನ್ ಒನ್’ ಕೇಳಿ, ಅದಾದ ಮೇಲೆ 1984ರ ಸಿಂಗಲ್ಲಿಗೆ ಬಂದು, ಆಮೇಲಷ್ಟೇ ಟಾರ್ನಿಯವರ ಆವೃತ್ತಿಯನ್ನು ಹಾಕಿಕೊಳ್ಳಲಿ. 2017ರ ಅನ್‌ಪ್ಲಗ್ಡ್ ರೂಪ ಈ ಪೆಟ್ಟಿಗೆಗಿಂತ ಈಚಿನದಾದ್ದರಿಂದ ಅದನ್ನು ಬೇರೆಯಾಗಿ ಕೊಳ್ಳಬೇಕು. ಬಜೆಟ್ಟಿನಲ್ಲಿ ಅದಕ್ಕೂ ಒಂದಷ್ಟು ಹಣವನ್ನು ಎತ್ತಿಟ್ಟುಕೊಂಡೇ ಈ ಸಂಪುಟವನ್ನು ತರಿಸಿಕೊಳ್ಳಿ.